ತತ್ತಿ ಉಜ್ಜಿನಪ್ಪ ಮಿಲಿಟ್ರಿ ಬಿಟ್ಟು ಬಂದದ್ದು

ಕುರುಗೋಡಿನಲ್ಲಿ ಲೈನ್‌ಮನ್ ಉಜ್ಜಿನಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ತಕ್ಷಣ ಹೇಳುವುದಿಲ್ಲ. ಆ ಹೆಸರಿನವರು ಊರಲ್ಲಿ ಒಬ್ಬಿಬ್ಬರಲ್ಲ. ‘ತತ್ತಿ ಉಜ್ಜಿನಪ್ಪ’ ಎಂದು ಕೇಳಬೇಕು. ಆಗ ಚಹದಂಗಡಿಯವನು ಗ್ಲಾಸು ತೊಳೆಯುವುದನ್ನು ಬಿಟ್ಟು ದಾರಿ ತೋರಿಸುತ್ತಾನೆ, ಕೇಳದಿದ್ದರೂ ಕಥೆ ಹೇಳುತ್ತಾನೆ. ಈತ ಮಿಲಿಟ್ರಿಗೆ ಆಯ್ಕೆಯಾಗಿ ಹೋಗಿದ್ದನಂತೆ. ಅಲ್ಲಿ ಬೆಳಗಾದರೆ ತಟ್ಟೆಗೆ ಎರಡೆರಡು ಕೋಳಿ ತತ್ತಿ ಹಾಕುತ್ತಿದ್ದರಂತೆ. ಲಿಂಗ ಕಟ್ಟಿಸಿಕೊಂಡ ಹುಡುಗ, ಪ್ರಾಣ ಹೋದರೂ ಮುಟ್ಟೆನೆಂದು ಸರ್ಕಾರಿ ನೌಕರಿಯನ್ನೇ ಒದ್ದು ಬಂದನಂತೆ. ಹೇಳುವಾಗ ಚಹದಂಗಡಿಯವನ ಎದೆ ಅರ್ಧ ಇಂಚು ಉಬ್ಬುತ್ತದೆ, ತಾನೇ ಒದ್ದು ಬಂದವನಂತೆ.

ಕಥೆ ಚೆನ್ನಾಗಿದೆ. ಇರುವ ತೊಂದರೆ ಒಂದೇ, ಅದು ಸುಳ್ಳು. ಉಜ್ಜಿನಪ್ಪ ಆ ತತ್ತಿಗಳನ್ನು ತಿಂದಿದ್ದ. ಮೊದಲೆರಡು ತಿಂಗಳು ಮುಖ ಸಿಂಡರಿಸಿ ಪಕ್ಕದವನ ತಟ್ಟೆಗೆ ದೂಡಿದ್ದು ನಿಜ. ಆಮೇಲೆ ಓಡಿ ಓಡಿ ಹೊಟ್ಟೆಯಲ್ಲಿ ಬೆಂಕಿ ಬಿದ್ದಾಗ ಒಂದು ದಿನ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ. ಮರುದಿನ ಕಣ್ಣು ತೆರೆದೇ ತಿಂದ, ಉಪ್ಪು ಖಾರ ಹಚ್ಚಿಕೊಂಡು.

ಈ ಸುಳ್ಳನ್ನು ಅವನೇನೂ ಹುಟ್ಟಿಸಲಿಲ್ಲ. ಎರಡು ಸಾವಿರದ ಎಂಟರಲ್ಲಿ ಹೋದವನು ಎಂಟು ತಿಂಗಳಿಗೇ ಕಬ್ಬಿಣದ ಪೆಟ್ಟಿಗೆ ಹೊತ್ತು ಬಾಗಿಲಲ್ಲಿ ನಿಂತಾಗ ಅವ್ವ ಚನ್ನವೀರಮ್ಮ ಗಾಬರಿಯಾಗಿ ಕೇಳಿದಳು.

“ಯಾಕೋ, ಯಾಕ ಬಂದಿ? ಏನಾತು?”

ಅವನು ಬಾಯಿ ಬಿಡಲಿಲ್ಲ. ಎರಡು ಸಲ ಕೇಳಿದಳು, ಮೂರನೆಯ ಸಲ ತಾನೇ ಉತ್ತರ ಹುಡುಕಿಕೊಂಡಳು. ಹೋದ ಹೊಸದರಲ್ಲಿ ಫೋನಿನಲ್ಲಿ ಅವನು ತತ್ತಿಯ ಮಾತು ಆಡಿದ್ದನಲ್ಲ.

“ತತ್ತಿ ತಿನ್ನು ಅಂತ ಬಲವಂತ ಮಾಡಿದ್ರೇನು? ಹೋಗ್ಲಿ ಬಿಡು. ಅಂಥ ನೌಕರಿ ಯಾವನಿಗೆ ಬೇಕಾಗೇತಿ. ಕೈಕಾಲು ತೊಳ್ಕ, ರೊಟ್ಟಿ ತಿನ್ನುವಂತಿ.”

ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ರೊಟ್ಟಿ ತಿಂದ. ಸಂಜೆಯೊಳಗೆ ಕುರುಗೋಡಿಗೆಲ್ಲ ಸುದ್ದಿ ಮುಟ್ಟಿತ್ತು, ವಾರದೊಳಗೆ ಬಳ್ಳಾರಿಯ ಗಾಂಧಿನಗರದವರೆಗೂ ಹೋಗಿತ್ತು. ಅಲ್ಲಿ ಚನ್ನಬಸವರಾಜ ಎಂಬ ಕಿರಾಣಿ ವ್ಯಾಪಾರಿ ಇದ್ದರು. ಬೆಳ್ಳುಳ್ಳಿಯನ್ನೂ ಅನುಮಾನದಿಂದ ನೋಡುವ ಮನುಷ್ಯ. ಇಂಥ ಹುಡುಗ ಈ ಕಾಲದಲ್ಲೂ ಇದ್ದಾನೆಯೇ ಎಂದು ಅವರ ಕಣ್ಣು ಒದ್ದೆಯಾಯಿತು. ನಾಲ್ಕು ವರ್ಷ ಕಾದು, ಉಜ್ಜಿನಪ್ಪನಿಗೆ ಲೈನ್‌ಮನ್ ಕೆಲಸ ಸಿಕ್ಕ ಕೂಡಲೇ ತಾವಾಗಿ ಬಂದು ಮಗಳು ಗಂಗೋತ್ರಿಯನ್ನು ಕೊಟ್ಟರು. ಲಗ್ನದಲ್ಲಿ ತಮ್ಮ ನೆಂಟರ ಮುಂದೆ ಅಳಿಯನನ್ನು ಪರಿಚಯಿಸಿದ್ದೇ ತತ್ತಿಯ ಕಥೆಯಿಂದ. ಹೀಗೆ ತಿಂದ ತತ್ತಿಯ ಪುಣ್ಯದಿಂದ ಹೆಂಡತಿ ಸಿಕ್ಕ ಗಂಡಸು ನಮ್ಮ ಸೀಮೆಯಲ್ಲಿ ಇವನೊಬ್ಬನೇ ಇರಬೇಕು.

ಊರು ಮರ್ಯಾದೆ ಕೊಟ್ಟಿತು, ಮಾವ ಮಗಳನ್ನು ಕೊಟ್ಟರು. ಉಜ್ಜಿನಪ್ಪ ಆರಾಮಾಗಿ ಇದ್ದುಬಿಡಬಹುದಿತ್ತು. ಆದರೆ ಅವನಿಗೆ ಮಿಲಿಟ್ರಿಯ ಮೇಲಿನ ಆಸೆ ಹೋಗಲಿಲ್ಲ. ಬಿಟ್ಟು ಬಂದವನಿಗೆ ಎಂಥ ಆಸೆ ಎಂದು ಕೇಳಬಹುದು. ಅದೇ ಅವನ ಗೋಳು. ಬೆಳಿಗ್ಗೆ ನಾಲ್ಕೂವರೆಗೆ ಯಾರೂ ಎಬ್ಬಿಸದೆ ಏಳುತ್ತಾನೆ. ಹಾಸಿಗೆಯನ್ನು ನಾಲ್ಕೂ ಮೂಲೆ ಸರಿಹೊಂದಿಸಿ ಮಡಿಸುತ್ತಾನೆ, ಗಂಗೋತ್ರಿ ಬೇಕೆಂದೇ ಒಂದು ಮೂಲೆ ಎಳೆದರೆ ಮತ್ತೆ ಮಡಿಸುತ್ತಾನೆ. ಕಂಬ ಹತ್ತುವಾಗ ಬಾಯೊಳಗೇ “ಏಕ್ ದೋ ಏಕ್” ಎಣಿಸುತ್ತಾನೆ. ಜನವರಿ ಇಪ್ಪತ್ತಾರಕ್ಕೆ ಟಿವಿಯ ಮುಂದೆ ಕೂತರೆ ಮುಗಿಯುವವರೆಗೂ ಮಾತಿಲ್ಲ. ಬೂಟುಗಳು ಒಟ್ಟಿಗೆ ನೆಲಕ್ಕೆ ಬೀಳುವ ಆ ಸದ್ದಿಗೆ ಕೂತಲ್ಲೇ ಅವನ ಹಿಮ್ಮಡಿಗಳು ಜೋಡಿಯಾಗುತ್ತವೆ.

ಅಂಜುಬುರುಕನೇ ಎಂದರೆ ಅದೂ ಅಲ್ಲ. ಮಳೆಗಾಳಿಗೆ ತಂತಿ ಹರಿದು ಬಿದ್ದಾಗ, ಉಳಿದವರು ಗಾಳಿ ನಿಲ್ಲಲಿ ಎಂದು ಬೀಡಿ ಹಚ್ಚುವ ಹೊತ್ತಿಗೆ ಇವನು ಅರ್ಧ ಕಂಬ ಹತ್ತಿರುತ್ತಾನೆ. ಒಮ್ಮೆ ಮೇಲಿನಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡ. ಮೂರು ತಿಂಗಳಿಗೆ ಮತ್ತೆ ಹತ್ತಿದ. ಸಾಯುವುದಕ್ಕೆ ಅವನು ಯಾವತ್ತೂ ಹೆದರಲಿಲ್ಲ. ಆದರೆ ಇದನ್ನು ಯಾರ ಮುಂದೆ ರುಜುವಾತು ಮಾಡಬೇಕಿತ್ತೋ ಆ ಒಬ್ಬ ಮನುಷ್ಯ ಕುರುಗೋಡಿನಲ್ಲಿ ಇರಲಿಲ್ಲ.

ಅವನು ಸಿರುಗುಪ್ಪದ ಹೊನ್ನೂರಸ್ವಾಮಿ. ತತ್ತಿಗಳನ್ನು ಮೊದಲು ದೂಡಿದ್ದು ಇವನ ತಟ್ಟೆಗೇ. ಬಳ್ಳಾರಿಯ ಮಿಲಿಟ್ರಿ ಭರ್ತಿಯಲ್ಲಿ ಇಬ್ಬರೂ ಒಂದೇ ದಿನ ಓಡಿ ಗೆದ್ದವರು, ಒಂದೇ ರೈಲಿನಲ್ಲಿ ಹೋದವರು. ಅಲ್ಲಿ ಹೊಸಬರನ್ನು ಇಬ್ಬಿಬ್ಬರಂತೆ ಜೋಡಿ ಮಾಡುತ್ತಿದ್ದರು. ಒಬ್ಬ ಓಡುವಾಗ ಬಿದ್ದರೆ ಇನ್ನೊಬ್ಬ ಎತ್ತಬೇಕು, ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಅವನ ಬಟ್ಟೆ ಒಗೆಯಬೇಕು, ನಾಳೆ ಗುಂಡು ಹಾರಿದರೆ ಒಬ್ಬನ ಬೆನ್ನಿಗೆ ಇನ್ನೊಬ್ಬ ನಿಲ್ಲಬೇಕು. ಹಿಂದಿ ಇಬ್ಬರಿಗೂ ಅಷ್ಟಕ್ಕಷ್ಟೆ. ಕವಾಯತು ಕಲಿಸುವ ಉಸ್ತಾದ್ ಬೈದರೆ ಏನು ಬೈದನೆಂದು ತಿಳಿಯದೆ ಮುಖ ಮುಖ ನೋಡಿಕೊಂಡು ನಗುತ್ತಿದ್ದರು, ನಕ್ಕಿದ್ದಕ್ಕೆ ಮತ್ತೆ ಬೈಸಿಕೊಳ್ಳುತ್ತಿದ್ದರು. ಉಜ್ಜಿನಪ್ಪನಿಗೆ ಅಣ್ಣತಮ್ಮಂದಿರಿಲ್ಲ. ಆ ಎಂಟು ತಿಂಗಳು ಇದ್ದಷ್ಟು ಸುಖವಾಗಿ ಅವನು ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಿಲ್ಲ.

ಹಾಗಾದರೆ ಬಂದದ್ದೇಕೆ?

ಏಳನೆಯ ತಿಂಗಳಲ್ಲಿ ಸಂಗೀನಿನ ಪಾಠ ಶುರುವಾಯಿತು. ಸಂಗೀನು ಎಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ. ಗೋಣಿಚೀಲದಲ್ಲಿ ಹುಲ್ಲು ತುಂಬಿ ಆಳೆತ್ತರಕ್ಕೆ ತೂಗುಹಾಕಿರುತ್ತಾರೆ, ಕೂಗುತ್ತಾ ಓಡಿಹೋಗಿ ಅದರ ಹೊಟ್ಟೆಗೆ ಚುಚ್ಚಬೇಕು, ತಿರುವಬೇಕು, ಎಳೆಯಬೇಕು. ಹೊನ್ನೂರಸ್ವಾಮಿಗೆ ಅದು ಬೇಗ ಬರಲಿಲ್ಲ. ಉಜ್ಜಿನಪ್ಪನಿಗೆ ಮೊದಲ ದಿನವೇ ಬಂತು. ಉಸ್ತಾದ್ ಎಲ್ಲರನ್ನೂ ನಿಲ್ಲಿಸಿ, “ಇವನನ್ನ ನೋಡಿ ಕಲೀರಿ” ಅಂದ. ಇವನು ಮತ್ತೆ ಓಡಿದ, ಮತ್ತೆ ಚುಚ್ಚಿದ. ಒಳಗೆಲ್ಲೋ ಖುಷಿಯಾಯಿತು. ಹೊಗಳಿಕೆಗೆ ಆದ ಖುಷಿ ಬೇರೆ, ಅದು ಅವನಿಗೆ ಗೊತ್ತು. ಇದು ಚುಚ್ಚಿದ್ದಕ್ಕೇ ಆದ ಖುಷಿ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಎಂದಿನಂತೆ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತ. ಬಂದೂಕಿನ ಮುಂಭಾಗ ಹಿಡಿಯುವುದೂ ಎಡಗೈಯೇ. ಅಂಗೈಯ ಬುಡದಲ್ಲಿ ನಿನ್ನೆ ಎದ್ದ ಬೊಕ್ಕೆ ಇತ್ತು. ಅದರ ಪಕ್ಕದಲ್ಲಿ ಲಿಂಗ. ಅವನು ನೋಡುತ್ತ ಕೂತ, ನೋಡುತ್ತ ಕೂತ, ಮಂತ್ರ ಬಾಯಿಗೆ ಬರಲಿಲ್ಲ. ಚೀಲದ ಜಾಗದಲ್ಲಿ ಮನುಷ್ಯ ನಿಂತಿದ್ದರೂ ಈ ಕೈ ಹಾಗೇ ಚುಚ್ಚುತ್ತದೆ ಎಂದು ಅವನಿಗೆ ಅನುಮಾನವೇ ಉಳಿಯಲಿಲ್ಲ. ಚುಚ್ಚಬಾರದು ಎಂದೂ ಅಷ್ಟೇ ಗಟ್ಟಿಯಾಗಿ ಅನಿಸಿತು. ಯಾರೋ ಸ್ವಾಮಿಗಳು ಹೇಳಿದ್ದಲ್ಲ, ಪುಸ್ತಕದಲ್ಲಿ ಓದಿದ್ದಲ್ಲ. ಪೂಜೆ ಮುಗಿಯಲಿಲ್ಲ, ಅಷ್ಟೆ.

ಸಾಹೇಬರ ಹತ್ತಿರ ಹೋಗಿ, ಕನ್ನಡ ಬಲ್ಲ ಹವಾಲ್ದಾರನ ಬಾಯಿಂದ ಹೇಳಿಸಿದ. ಅಡಿಗೆ ಮಾಡುತ್ತೇನೆ, ಗಾಯಗೊಂಡವರನ್ನು ಹೊರುತ್ತೇನೆ, ಕಕ್ಕಸು ತೊಳೆಯುತ್ತೇನೆ, ಎಲ್ಲರಿಗಿಂತ ಮುಂದೆ ನಡೆ ಎಂದರೆ ಬರಿಗೈಯಲ್ಲಿ ನಡೆಯುತ್ತೇನೆ. ಕೊಲ್ಲುವುದೊಂದು ಬೇಡ. ಸಾಹೇಬರು ಒಳ್ಳೆಯವರು, ಬೈಯಲಿಲ್ಲ. ಅಡಿಗೆಯವನೂ ಇಲ್ಲಿ ಮೊದಲು ಬಂದೂಕು ಹಿಡಿಯಬೇಕಪ್ಪಾ ಅಂದರು. ಮೂರು ವಾರ ಯೋಚಿಸಲು ಬಿಟ್ಟರು. ಪ್ರಮಾಣ ಮಾಡುವ ಕಸಂ ಪರೇಡಿಗೆ ಇನ್ನೂ ದಿನ ಇತ್ತು. ಅದಕ್ಕೆ ಮುಂಚೆಯಾದರೆ ಬಿಟ್ಟು ಹೋಗಬಹುದು. ಇವನು ಮೂರು ವಾರದ ಮೇಲೂ ಅದೇ ಮಾತು ಹೇಳಿದ. ಕಾಗದಕ್ಕೆ ಸಹಿ ಬಿತ್ತು.

ಆ ಮೂರು ವಾರ ಹೊನ್ನೂರಸ್ವಾಮಿಯ ಪಕ್ಕದ ಮಂಚದಲ್ಲೇ ಮಲಗಿದ, ಅವನ ಜೊತೆಗೇ ಉಂಡ, ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಅವನು “ಹೋಗಬ್ಯಾಡಲೇ, ಇರು” ಅನ್ನುತ್ತಿದ್ದ. ಅಂದಿದ್ದರೆ ಇವನು ಇದ್ದುಬಿಡುತ್ತಿದ್ದ. ಹೊನ್ನೂರಸ್ವಾಮಿ ಗುಂಡು ಹೊಡೆಯುವ ಮೈದಾನಕ್ಕೆ ಹೋಗಿದ್ದಾಗ ಪೆಟ್ಟಿಗೆ ಕಟ್ಟಿ ಹೊರಟುಬಂದ.

ತತ್ತಿಯ ಕಥೆ ಸುಳ್ಳೆಂದು ಇಡೀ ಜಿಲ್ಲೆಯಲ್ಲಿ ಬಲ್ಲವನು ಹೊನ್ನೂರಸ್ವಾಮಿ ಒಬ್ಬನೇ. ತತ್ತಿ ಅಲ್ಲವೆಂದರೆ ಮತ್ತೇನೆಂದು ಅವನು ತಿಳಿದಿದ್ದಾನು? ಅಂಜಿ ಓಡಿದ ಅಂತಲೇ. ತನ್ನ ಜೋಡಿ ಹೇಡಿ ಅಂತಲೇ. ಈ ಯೋಚನೆ ಹದಿನೇಳು ವರ್ಷ ಉಜ್ಜಿನಪ್ಪನನ್ನು ತಿಂದಿತು. ಹೊನ್ನೂರಸ್ವಾಮಿ ರಜೆಗೆ ಬಂದ ಸುದ್ದಿ ಪ್ರತಿ ವರ್ಷ ಸಿಗುತ್ತಿತ್ತು. ಇವನು ಬೈಕು ಹತ್ತಿ ನಡುದಾರಿಯ ಸಿರಿಗೇರಿಯವರೆಗೆ ಹೋಗಿ, ಚಹ ಕುಡಿದು, ತಿರುಗಿ ಬರುತ್ತಿದ್ದ. ಸಿರುಗುಪ್ಪ ಅಲ್ಲಿಂದ ಎಷ್ಟು ದೂರ? ದೂರ ಇದ್ದದ್ದು ದಾರಿಯಲ್ಲಿ ಅಲ್ಲ.

ಈ ವರ್ಷ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ‘ನಮ್ಮೂರ ಹೆಮ್ಮೆಯ ಯೋಧ ಹೊನ್ನೂರಸ್ವಾಮಿ ಅವರು ಹದಿನೇಳು ವರ್ಷ ದೇಶಸೇವೆ ಸಲ್ಲಿಸಿ ನಿವೃತ್ತರಾಗಿ ಆಗಮಿಸುತ್ತಿದ್ದಾರೆ, ಸರ್ವರಿಗೂ ಸ್ವಾಗತ.’ ನಡುವೆ ಮೀಸೆ ಬಿಟ್ಟ ಮುಖ. ಉಜ್ಜಿನಪ್ಪ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಗಂಗೋತ್ರಿ ಇಣುಕಿ ಯಾರೆಂದು ಕೇಳಿದಾಗ, ಹದಿಮೂರು ವರ್ಷ ಸಂಸಾರ ಮಾಡಿದ ಹೆಂಡತಿಯ ಮುಂದೆ ಮೊದಲ ಸಲ ಎಲ್ಲವನ್ನೂ ಹೇಳಿದ. ಸಂಗೀನು, ಅಂಗೈ, ಸಾಹೇಬರು, ಹೇಳದೆ ಬಂದದ್ದು, ಒಂದೂ ಬಿಡಲಿಲ್ಲ.

ಗಂಗೋತ್ರಿ ಕಣ್ಣರಳಿಸಿ ಕೇಳಿದಳು.

“ಅಂದ್ರ, ನೀವು ತತ್ತಿ ತಿಂದೀರಿ?”

“ಅಲ್ಲಬೇ, ನಾ ಹೇಳಿದ್ದೇನು, ನೀ ಕೇಳಿದ್ದೇನು!”

“ತಿಂದೀರೋ ಇಲ್ಲೋ?”

“ತಿಂದೀನಿ.”

ಅವಳು ಎದ್ದು ಒಳಗೆ ಹೋದಳು. ಆ ದಿನವಿಡೀ ಮಾತಿಲ್ಲ. ಪಾತ್ರೆಗಳು ಮಾತ್ರ ಜೋರಾಗಿ ಮಾತಾಡಿದವು. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊರಟವನ ಕೈಗೆ ಬುತ್ತಿ ಕೊಡುತ್ತ, ಅವನ ಮುಖ ನೋಡದೆ ಅಂದಳು.

“ತತ್ತಿ ಮಾತು ನಮ್ಮಪ್ಪಗ ಹೇಳಬ್ಯಾಡ್ರಿ, ಎದಿ ಒಡಕಂತಾನ. ಉಳಿದದ್ದು ಆ ಸಿರುಗುಪ್ಪದಾತಗ ಹೋಗಿ ಹೇಳ್ರಿ. ಇಷ್ಟು ವರ್ಷ ಹೊಟ್ಟ್ಯಾಗ ಇಟ್ಕಂಡು ಹೆಂಗ ಇದ್ದ್ರಿ ನೀವು?”

ಹೊನ್ನೂರಸ್ವಾಮಿ ಬರುವ ದಿನ ಉಜ್ಜಿನಪ್ಪ ರಜೆ ಹಾಕಿ ಬಸ್ಸು ಹತ್ತಿದ. ಈ ಸಲ ಸಿರಿಗೇರಿಯಲ್ಲಿ ಇಳಿಯಲಿಲ್ಲ. ಕಿಟಕಿಯ ಆಚೆ ಕಾಲುವೆ ನೀರಿನ ಭತ್ತದ ಗದ್ದೆಗಳು, ಆಮೇಲೆ ರೈಸ್‌ಮಿಲ್ಲುಗಳು, ಆಮೇಲೆ ಸಿರುಗುಪ್ಪದ ಬಸ್‌ಸ್ಟ್ಯಾಂಡು. ಅಲ್ಲಿ ಆಗಲೇ ಡೊಳ್ಳು, ಡಿಜೆ, ಹೂವಿನ ಹಾರ, ಎಲ್ಲರಿಗಿಂತ ಮುಂದೆ ನಿಂತು ಸೆಲ್ಫಿ ತೆಗೆಸಿಕೊಳ್ಳುವ ಪುಢಾರಿಗಳು. ತೆರೆದ ಜೀಪಿನಲ್ಲಿ ಹೊನ್ನೂರಸ್ವಾಮಿ ನಿಂತಿದ್ದ, ಕೊರಳಿನಿಂದ ಕಿವಿಯವರೆಗೆ ಹಾರ. ದಪ್ಪಗಾಗಿದ್ದ. ಕಣ್ಣು ಮಾತ್ರ ಅವೇ. ಉಜ್ಜಿನಪ್ಪ ಜನರ ಹಿಂದೆ ನಿಂತುಕೊಂಡ. ಮೆರವಣಿಗೆ ಹೊರಟಿತು. ತನ್ನ ಕಾಲು ಡೊಳ್ಳಿನ ತಾಳ ಬಿಟ್ಟು, ಎಡ ಬಲ, ಎಡ ಬಲ ಎಂದು ಬೀಳುತ್ತಿರುವುದು ಅವನ ಗಮನಕ್ಕೆ ಬಂತು. ಆ ಜೀಪಿನಲ್ಲಿ ಇನ್ನೊಬ್ಬ ನಿಲ್ಲುವಷ್ಟು ಜಾಗ ಇತ್ತು. ಅದನ್ನೇ ನೋಡುತ್ತ ನಡೆದ. ಹೊಟ್ಟೆಕಿಚ್ಚಲ್ಲ, ಬರೀ ಆಸೆ.

ತಿರುವಿನಲ್ಲಿ ಯಾರೋ ಹುರುಪಿನವರು ಜೀಪಿನ ಹಿಂಬದಿಯಲ್ಲಿ ಕಟ್ಟಿದ್ದ ಬಾವುಟದ ಕಬ್ಬಿಣದ ಪೈಪನ್ನು ಇನ್ನಷ್ಟು ಮೇಲೆತ್ತಿದರು. ಲೈನ್‌ಮನ್ನನ ಕಣ್ಣು ಬಾವುಟ ನೋಡುವ ಮೊದಲು ತಂತಿ ನೋಡುತ್ತದೆ. ಜೋತುಬಿದ್ದ ತಂತಿ, ಪೈಪಿನ ತುದಿಗೆ ಎರಡು ಮೊಳ ದೂರ. ಜೀಪು ಮುಂದೆ ಸರಿಯುತ್ತಲೇ ಇದೆ. ಡಿಜೆಯ ಸದ್ದಿನಲ್ಲಿ “ನಿಲ್ಲಿಸ್ರೋ” ಅಂದರೆ ಯಾರಿಗೆ ಕೇಳಬೇಕು? ಉಜ್ಜಿನಪ್ಪನ ಹೊಟ್ಟೆಯ ತಳದಿಂದ ಹದಿನೇಳು ವರ್ಷ ಹಿಂದಿನ, ‘ನಿಲ್ಲು’ ಎನ್ನುವ ಪರೇಡಿನ ಹುಕುಂ ಸಿಡಿಯಿತು.

“ಥಮ್!”

ಜೀಪಿನ ಮೇಲಿದ್ದ ಹೊನ್ನೂರಸ್ವಾಮಿ ಹಾರದ ಸಮೇತ ಸೆಟೆದು ನಿಂತ, ಒಂದು ಕೈ ಡ್ರೈವರನ ಭುಜಕ್ಕೆ ಬಡಿಯಿತು. ಬ್ರೇಕು ಬಿತ್ತು. ಉಜ್ಜಿನಪ್ಪ ಜನರನ್ನು ತಳ್ಳಿಕೊಂಡು ನುಗ್ಗಿ, ಪೈಪು ಹಿಡಿದವರಿಗೆ ಬಾಯಿಗೆ ಬಂದಂತೆ ಬೈದು, ಅದನ್ನು ಬಿಚ್ಚಿಸಿ ಕೆಳಗಿಳಿಸಿದ. ತಂತಿ ನೋಡಿದ ಮೇಲೆ ಜನರ ಬಾಯಿ ಬಂದಾಯಿತು. ಹೊನ್ನೂರಸ್ವಾಮಿ ಮೇಲಿನಿಂದ ನೋಡುತ್ತಲೇ ಇದ್ದ. ಆಮೇಲೆ ಜೀಪಿನಿಂದ ಜಿಗಿದು ಬಂದು ಇವನ ರಟ್ಟೆ ಹಿಡಿದ.

“ನಡಿ ಮನಿಗೆ. ಈ ಸಲ ಕೈ ಬಿಡಂಗಿಲ್ಲ.”

ಸನ್ಮಾನ, ಭಾಷಣ ಮುಗಿದು ಇಬ್ಬರೇ ಹಿತ್ತಲಿನಲ್ಲಿ ಕೂತಾಗ ಮಧ್ಯಾಹ್ನ ಮೂರಾಗಿತ್ತು. ಒಳಗೆ ಹೊನ್ನೂರಸ್ವಾಮಿಯ ಹೆಂಡತಿ ಶಶಿರೇಖಾ ಬಂದವರಿಗೆ ಎಲೆ ಹಾಕುತ್ತಿದ್ದಳು. ಉಜ್ಜಿನಪ್ಪ ತಲೆ ತಗ್ಗಿಸಿಕೊಂಡು ಹೇಳಿದ. ಗಂಗೋತ್ರಿಗೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು, ಬೇಗನೂ ಮುಗಿಯಿತು.

ಹೊನ್ನೂರಸ್ವಾಮಿ ಕೊರಳಲ್ಲಿ ಉಳಿದಿದ್ದ ಹಾರ ತೆಗೆದು ಪಕ್ಕಕ್ಕಿಟ್ಟ.

“ಅಂಜಿ ಹೋದ ಅಂತ ನಾ ಒಂದಿನಾನೂ ಅನ್ಕಂಡಿಲ್ಲಲೇ. ನಿನ್ನ ನಾ ನೋಡಿಲ್ಲೇನು? ನಾ ಏನೋ ತಪ್ಪು ಮಾಡೀನಿ, ಅದಕ್ಕ ಹೇಳದ ಹೋದ ಅನ್ಕಂಡಿದ್ದೆ. ಏನು ತಪ್ಪು ಅಂತ ವರ್ಷಗಟ್ಲೆ ಹುಡುಕೀನಿ.”

ಅವಮಾನವನ್ನು ಉಜ್ಜಿನಪ್ಪ ಎಷ್ಟೋ ಬಗೆಯಲ್ಲಿ ಊಹಿಸಿದ್ದ, ಇದನ್ನು ಊಹಿಸಿರಲಿಲ್ಲ.

“ಇನ್ನೊಂದು ಹೇಳ್ತೀನಿ ಕೇಳು,” ಹೊನ್ನೂರಸ್ವಾಮಿ ಅಂದ. “ನನ್ನನ್ನ ಗಾಡಿ ಓಡಸಾಕ ಹಾಕಿದ್ರು. ಹದಿನೇಳು ವರ್ಷ ಅಕ್ಕಿ, ಬ್ಯಾಳಿ, ಸೀಮೆಎಣ್ಣಿ ಹೊತ್ತೀನಿ. ಎಂಥೆಂಥ ಗುಡ್ಡ ಹತ್ತೀನಿ. ಬಂದೂಕ ಬಾಜೂಕ ಇತ್ತು ನೋಡು, ಒಬ್ಬ ಮನುಷ್ಯಾನ ಮ್ಯಾಲೆ ಒಂದು ಗುಂಡು ಹೊಡದಿಲ್ಲ. ನೀನೂ ಇರಬಹುದಿತ್ತಲೇ.”

ಉಜ್ಜಿನಪ್ಪ ನೆಲ ನೋಡಿದ. ಆ ಗುಡ್ಡಗಳು, ಆ ಗಾಡಿ, ಪಕ್ಕದ ಸೀಟು, ಬೂಟಿನ ಸದ್ದು, ಎಲ್ಲವೂ ತನ್ನವೇ ಆಗಬಹುದಿತ್ತು. ಯಾರನ್ನೂ ಕೊಲ್ಲದೆ ಆಗಬಹುದಿತ್ತು. ಅಷ್ಟು ಸಂಕಟವನ್ನು ಅವನು ಕಂಬದಿಂದ ಬಿದ್ದಾಗಲೂ ಪಟ್ಟಿರಲಿಲ್ಲ.

ತಲೆ ಎತ್ತಿ ಕೇಳಿದ.

“ಹೊಡಿ ಅಂದಿದ್ರ?”

“ಹೊಡಿತಿದ್ದೆ. ದಿನಾ ತಯಾರಾಗೇ ಗಾಡಿ ಹತ್ತತಿದ್ದೆ.”

“ನಾ ಹೊಡಿತಿದ್ದಿಲ್ಲ. ಇವತ್ತು ಮತ್ತ ಕರಕಂಡು ಹೋದ್ರೂ, ಎಂಟು ತಿಂಗಳಿಗೆ ಮತ್ತ ಹಿಂಗ ಬರ್ತೀನಿ.”

ಹೊನ್ನೂರಸ್ವಾಮಿ ಅವನನ್ನು ದಿಟ್ಟಿಸಿ ನೋಡಿದ. ಸಿಟ್ಟು ಬಂತೋ ಏನೋ, ಮೀಸೆ ಅಲುಗಿತು.

“ಹಂಗಾರ ನೀ ಹೋಗಿದ್ದ ಚಲೋ ಆತು. ನಿನ್ನ ಬೆನ್ನಿಗೆ ಬಿಟ್ಕಂಡು ನಾ ಹೆಂಗ ನಿಂದರಲಿ? ನಾ ಸಾಯೋದನ್ನ ನೀ ನೋಡ್ಕಂತ ನಿಂದರತಿದ್ದಿ.”

“ನಿನಗ ಅಡ್ಡ ಬಂದು ನಾ ಸಾಯ್ತಿದ್ದೆ.”

“ಗೊತ್ತೈತಿ. ಅದರಿಂದ ನನಗೇನು ಬಂತು?”

ಹೇಡಿ ಅಲ್ಲ ಎಂದು ಅನಿಸಿಕೊಳ್ಳಲು ಬಂದವನಿಗೆ ಅದು ಸಿಕ್ಕಿತ್ತು. ಅದಕ್ಕಿಂತ ದೊಡ್ಡದು ಕೈಬಿಟ್ಟು ಹೋಗುತ್ತಿದೆ ಎನಿಸಿ ಉಜ್ಜಿನಪ್ಪ ಏಳಲು ನೋಡಿದ. ಮೊಣಕಾಲು ಊರಿ ಅರ್ಧ ಎದ್ದಿದ್ದ. ಹೊನ್ನೂರಸ್ವಾಮಿ ಅವನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದ.

“ನೀ ಹೋದ ಮ್ಯಾಲೆ ಐದು ಮಂದಿ ಜೋಡಿ ಕೊಟ್ರು ನನಗ. ಚಲೋ ಮಂದಿ. ನನಗಾಗಿ ಗುಂಡು ಹೊಡಿಯೋ ಮಂದಿ. ಒಬ್ಬನ ಹೆಸರನ್ನಾದ್ರೂ ನಿದ್ದಿಗಣ್ಣಾಗ ಕರೀಲಿಲ್ಲಲೇ ನಾನು. ಗಾಡಿ ಕೆಟ್ಟು ನಿಂತಾಗೆಲ್ಲ ಬಾಯಿಗೆ ಬರತಿದ್ದದ್ದು ನಿನ್ನ ಹೆಸರ.”

ಉಜ್ಜಿನಪ್ಪ ಮುಖ ಮುಚ್ಚಿಕೊಂಡು ಅತ್ತ, ಮೂವತ್ತಾರು ವರ್ಷದ ಗಂಡಸು, ಸದ್ದು ಮಾಡಿ ಅತ್ತ. ಹೊನ್ನೂರಸ್ವಾಮಿ ಬೇಡ ಅನ್ನಲಿಲ್ಲ. ಅವನ ಕಣ್ಣಲ್ಲೂ ನೀರಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ. ಶಶಿರೇಖಾ ಊಟಕ್ಕೆ ಕರೆಯಲು ಬಾಗಿಲವರೆಗೆ ಬಂದವಳು, ಇಬ್ಬರನ್ನೂ ನೋಡಿ, ಅಡಿಗೆ ಆರಿದರೆ ಮತ್ತೆ ಬಿಸಿ ಮಾಡಿದರಾಯಿತೆಂದು ಒಳಗೆ ಹೋದಳು.